ವಿಲ್‌ನಲ್ಲಿ ಹೆಸರಿದ್ದವರೇ ಮೊದಲು ತೀರಿಕೊಂಡರೆ ಹೊಲ ಯಾರಿಗೆ?

ಪ್ರಶ್ನೆ: ನಮ್ಮ ಮಾವ 2016ರಲ್ಲಿ ವಿಲ್ ಬರೆಸಿದ್ದರು. ಕಾರಟಗಿ ಹತ್ತಿರ ಎಡದಂಡೆ ಕಾಲುವೆ ನೀರಿನ 4 ಎಕರೆ ಭತ್ತದ ಗದ್ದೆ ನನ್ನ ಗಂಡನಿಗೆ, ಮನೆ ಮತ್ತು ‘ಉಳಿದದ್ದೆಲ್ಲ’ ಮೈದುನನಿಗೆ. ನನ್ನ ಗಂಡ 2021ರಲ್ಲಿ ತೀರಿಕೊಂಡರು, ಮಾವ ಹೋದ ವರ್ಷ. ‘ಅಣ್ಣನೇ ಇಲ್ಲ ಅಂದಮೇಲೆ ಅವನ ಪಾಲು ರದ್ದು, ಅದೂ ನನಗೇ’ ಅಂತಾರೆ ಮೈದುನ. ಅತ್ತೆ ಇದ್ದಾರೆ, ನನಗೆ ಇಬ್ಬರು ಸಣ್ಣ ಮಕ್ಕಳು. ಮಾವನ ಅಕ್ಕ ಕೂಡ ತಮ್ಮ ಗಂಗಾವತಿ ಸೈಟನ್ನು ನನ್ನ ಗಂಡನಿಗೆ ವಿಲ್ ಮಾಡಿದ್ದಾರೆ. ಅದರ ಗತಿ ಏನು?
– ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಮೈದುನನಿಗೆ ಯಾರೋ ಅರ್ಧ ಕಾನೂನು ಹೇಳಿಕೊಟ್ಟಿದ್ದಾರೆ ತಾಯಿ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 105ನೇ ಕಲಂ ಅವರು ಹೇಳಿದ ಹಾಗೇ ಇದೆ. ವಿಲ್ ಬರೆದವರಿಗಿಂತ ಮೊದಲೇ ಆಸ್ತಿ ಪಡೆಯಬೇಕಾದವರು ತೀರಿಕೊಂಡರೆ ಆ ಪಾಲು ಬಿದ್ದುಹೋಗುತ್ತದೆ, ‘ಉಳಿದದ್ದೆಲ್ಲ’ ಪಡೆದವರಿಗೆ ಸೇರುತ್ತದೆ. ಕಟ್ಟೆ ಮೇಲೆ ಕೂತು ಕಾನೂನು ಹೇಳುವವರು ಇಲ್ಲೇ ನಿಂತುಬಿಡುತ್ತಾರೆ. ಇನ್ನು ನಾಲ್ಕು ಕಲಂ ಮುಂದೆ ಓದಲ್ಲ!

109ನೇ ಕಲಂ ನಿಮ್ಮ ಕಡೆ ಇದೆ. ತಂದೆ ಮಗನಿಗೆ ಬರೆದು, ಮಗ ಮೊದಲೇ ಹೋಗಿ, ಆ ಮಗನಿಗೆ ಮಕ್ಕಳಿದ್ದರೆ ಪಾಲು ಬೀಳುವುದಿಲ್ಲ. ತಂದೆ ಸತ್ತ ಮರುಕ್ಷಣ ಮಗ ಸತ್ತ ಎಂದೇ ಲೆಕ್ಕ. ವಿಲ್‌ನಲ್ಲಿ ಇದಕ್ಕೆ ವಿರುದ್ಧವಾಗಿ ಏನೂ ಬರೆದಿರಬಾರದು, ಅಷ್ಟೆ.

ಆದರೆ ಗದ್ದೆ ಪೂರ್ತಿ ನಿಮ್ಮ ಮಕ್ಕಳಿಗೇ ಎಂದುಕೊಳ್ಳಬೇಡಿ. ಅದು ನಿಮ್ಮ ಗಂಡನ ಆಸ್ತಿಯಾಗಿ, ಅವರ ವಾರಸುದಾರರಿಗೆ ಹೋಗುತ್ತದೆ. ಅವರು ತಮ್ಮದೇ ವಿಲ್ ಬರೆದಿಟ್ಟಿದ್ದರೆ ಅದರಂತೆ. ಇಲ್ಲದಿದ್ದರೆ ಹಿಂದೂಗಳಲ್ಲಿ ತಾಯಿ, ಹೆಂಡತಿ, ಮಕ್ಕಳಿಗೆ ಸಮಪಾಲು. ಅಂದರೆ ನಿಮಗೆ 1 ಎಕರೆ, ಮಕ್ಕಳಿಗೆ ತಲಾ 1 ಎಕರೆ, ಅತ್ತೆಗೆ 1 ಎಕರೆ. ಮಕ್ಕಳ ಪಾಲನ್ನು ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ. ಇದೆಲ್ಲ ಗದ್ದೆ ಮಾವನ ಸ್ವಂತ ಗಳಿಕೆಯಾಗಿದ್ದರೆ ಮಾತ್ರ. ಪಿತ್ರಾರ್ಜಿತವಾದರೆ ಅವರು ತಮ್ಮ ಪಾಲನ್ನಷ್ಟೇ ವಿಲ್ ಮಾಡಬಹುದಿತ್ತು.

ಮೈದುನ ಪಹಣಿಗೆ ತಮ್ಮ ಹೆಸರು ಸೇರಿಸಲು ಹೊರಟಿದ್ದರೆ ವಿಲ್ ಪ್ರತಿ, ಎರಡೂ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ತಹಶೀಲ್ದಾರ್ ಕಚೇರಿಯಲ್ಲಿ ಲಿಖಿತ ತಕರಾರು ಕೊಡಿ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಯಾರೂ ಮಾಲೀಕರಾಗುವುದಿಲ್ಲ. ಜಗಳ ಮುಂದುವರಿದರೆ ತೀರ್ಮಾನ ಸಿವಿಲ್ ಕೋರ್ಟಿನದ್ದು. ಅತ್ತೆಯನ್ನು ಮೊದಲೇ ಮಾತಾಡಿಸಿ. ಅವರಿಗೂ ಇದರಲ್ಲಿ ಪಾಲಿದೆ, ಅಲ್ವಾ?

ಸೈಟಿನ ಕಥೆಯೇ ಬೇರೆ. ನಿಮ್ಮ ಗಂಡ ಆ ಸೋದರತ್ತೆಯ ಮಗನಲ್ಲ, ತಮ್ಮನ ಮಗ. ಹಾಗಾಗಿ 109 ಅಲ್ಲಿ ಕೆಲಸಕ್ಕೆ ಬರಲ್ಲ, ಆ ಪಾಲು ಬಿದ್ದುಹೋಗುತ್ತದೆ. ಆದರೆ ಅವರು ಇನ್ನೂ ಬದುಕಿದ್ದರೆ ದಾರಿ ಇದೆ. ಅವರಿಗೆ ಮನಸ್ಸಿದ್ದರೆ ನಿಮ್ಮ ಮಕ್ಕಳ ಹೆಸರಿಗೆ ಹೊಸ ವಿಲ್ ಬರೆಯಲಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಲಿ. ‘ಇವರು ಇಲ್ಲದಿದ್ದರೆ ಇಂಥವರಿಗೆ’ ಎಂಬ ಒಂದು ಸಾಲು ಈ ಸಲ ಮರೆಯದೆ ಸೇರಿಸಲಿ. ಸಾಕ್ಷಿ ಸಹಿಗೆ ಮಾತ್ರ ನೀವು ಹೋಗಬೇಡಿ, ನಾಳೆ ಸುಮ್ನೆ ಅನುಮಾನಕ್ಕೆ ಎಡೆಯಾಗುತ್ತದೆ.