ತಮ್ಮ "ಹೇಳಬ್ಯಾಡ" ಅಂದಿದ್ದಾನೆ, ಸುಮ್ನಿರಲಾ?

ಪ್ರಶ್ನೆ: ನಾನು ಗಂಗಾವತಿ ತಾಲ್ಲೂಕಿನವಳು. ವಯಸ್ಸು 24. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ತಮ್ಮನಿಗೆ 17. ಎರಡನೇ ಪಿಯುಸಿ ಸೈನ್ಸ್, ಜೊತೆಗೆ ನೀಟ್ ಕೋಚಿಂಗ್. ಅಪ್ಪ ದಲ್ಲಾಳಿ ಅಂಗಡಿಯಲ್ಲಿ ಸಾಲ ತಂದು ಫೀಸ್ ಕಟ್ಟಿದ್ದಾರೆ. "371ಜೆ ಐತಿ, ಸ್ವಲ್ಪ ಓದಿದ್ರ ಸೀಟು ನಿಂದ" ಅಂತ ದಿನಾ ಹೇಳುತ್ತಾರೆ. (371ಜೆ ಅಂದರೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸೀಟು ಮೀಸಲಿಡಲು ಅವಕಾಶ ಕೊಡುವ ಸಂವಿಧಾನದ ವಿಧಿ.) ಒಂದು ತಿಂಗಳಿಂದ ತಮ್ಮ ಸರಿಯಾಗಿ ಮಾತಾಡುತ್ತಿಲ್ಲ. ಸಂಜೆ ಗೆಳೆಯರ ಜೊತೆ ಮಿರ್ಚಿ ಮಂಡಕ್ಕಿ ತಿನ್ನಲು ಹೋಗುವುದನ್ನೂ ಬಿಟ್ಟಿದ್ದಾನೆ. ನಾಲ್ಕು ರೊಟ್ಟಿ ತಿನ್ನುತ್ತಿದ್ದವನು ಒಂದಕ್ಕೇ ಏಳುತ್ತಾನೆ. ರಾತ್ರಿ ಮೂರಕ್ಕೆ ಮಾಳಿಗೆ ಮೇಲೆ ಓಡಾಡುವ ಸಪ್ಪಳ ಕೇಳುತ್ತೆ. ಹೋದ ವಾರ ಬಟ್ಟೆ ಒಗೆಯಲು ಹಾಕುವಾಗ ಅವನ ಅಂಗಿ ಜೇಬಿನಲ್ಲಿ ಸಣ್ಣಗೆ ಮಡಚಿದ ಟೆಸ್ಟ್ ಪೇಪರ್ ಸಿಕ್ಕಿತು. 720ಕ್ಕೆ 198. ಅದರ ಹಿಂದೆ "ನನ್ನಿಂದ ಆಗಲ್ಲ" ಅಂತ ಸಾಲು ಸಾಲಾಗಿ ಬರೆದಿದ್ದ. ಕೇಳಿದರೆ ಅತ್ತುಬಿಟ್ಟ. "ಅಕ್ಕಾ, ಅಪ್ಪಗ ಹೇಳಬ್ಯಾಡ" ಅಂತ ನನ್ನ ಕೈಲಿ ಆಣೆ ಮಾಡಿಸಿಕೊಂಡ. ಅವ್ವ ಯಾರದೋ ದೃಷ್ಟಿ ಆಗಿದೆ ಅಂತ ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ಕರೆದುಕೊಂಡು ಹೋಗಿ ಬಂದಳು. ಕುಷ್ಟಗಿಯಲ್ಲಿ ಮೇಷ್ಟ್ರಾಗಿರುವ ಸೋದರಮಾವನ ಹತ್ತಿರ ಮಾತ್ರ ತಮ್ಮ ಸ್ವಲ್ಪ ಮಾತಾಡುತ್ತಾನೆ. ಅಪ್ಪನಿಗೆ ಹೇಳಿದರೆ ಅವನು ನನ್ನನ್ನು ಮತ್ತೆ ನಂಬಲ್ಲ. ಹೇಳದಿದ್ದರೆ ನನಗೆ ಭಯ. ಊರಲ್ಲಿ ಗೊತ್ತಾದರೆ ಹುಚ್ಚ ಅಂತಾರೆ. ಏನು ಮಾಡಲಿ?

ಉತ್ತರ: ಆಣೆಯ ವಿಷಯ ಆಮೇಲೆ ಮಾತಾಡೋಣ. ಅದಕ್ಕಿಂತ ಮುಂಚೆ ಇವತ್ತೇ ಆಗಬೇಕಾದ ಎರಡು ಕೆಲಸ ಇವೆ.

ತಮ್ಮನನ್ನು ನೇರವಾಗಿ ಕೇಳಿ. ಸುತ್ತಿ ಬಳಸಿ ಬೇಡ. ನಿಮ್ಮ ಮನೆ ಮಾತಿನಲ್ಲೇ ಕೇಳಿ: "ಆಗಲ್ಲ ಅಂತ ಬರದೀಯಲ್ಲ, ಓದಾಕ ಆಗಲ್ಲ ಅಂತನಾ, ಇಲ್ಲಾ ಬದುಕೋದ ಬ್ಯಾಡ ಅನಿಸೇತಾ? ಸಾಯಬೇಕು ಅನಿಸೇತೇನೋ?" ಈ ಮಾತು ಬಾಯಿಗೆ ಬರುವುದು ಕಷ್ಟ, ಗೊತ್ತು. ಕೇಳಿದರೆ ಇಲ್ಲದ ಯೋಚನೆಯನ್ನು ನಾನೇ ತಲೆಗೆ ಹಾಕಿದಂತೆ ಆಗುತ್ತಲ್ಲಾ ಅಂತ ಎಲ್ಲರೂ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಒಳಗೆ ಅದನ್ನೇ ಇಟ್ಟುಕೊಂಡು ಒದ್ದಾಡುವವನಿಗೆ ಯಾರಾದರೂ ಕೇಳಿದರಲ್ಲ ಅಂತ ಎದೆ ಹಗುರಾಗುತ್ತೆ. ಕೇಳಿದ ಮೇಲೆ ಸುಮ್ನೆ ಕೂತುಕೊಳ್ಳಿ. ಅವನು ಅರ್ಧ ಗಂಟೆ ಏನೂ ಹೇಳದಿದ್ದರೂ ಪಕ್ಕದಲ್ಲೇ ಇರಿ. "ಹಂಗೆಲ್ಲಾ ಅನಬ್ಯಾಡ" ಅಂತ ಬಾಯಿ ಮುಚ್ಚಿಸಬೇಡಿ.

ಇನ್ನೊಂದು ಕೆಲಸ. ನಿಮ್ಮದು ಭತ್ತ ಬೆಳೆಯುವ ಮನೆ ಅಂದುಕೊಳ್ಳುತ್ತೇನೆ. ಗದ್ದೆಗೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕದ ಡಬ್ಬಿ ಮನೆಯಲ್ಲೋ ಕೊಟ್ಟಿಗೆಯಲ್ಲೋ ಇದ್ದರೆ ಇವತ್ತೇ ಬೇರೆ ಕಡೆ ಸಾಗಿಸಿ ಬೀಗ ಹಾಕಿಸಿ. ಕೀ ತಮ್ಮನಿಗೆ ಸಿಗದ ಜಾಗದಲ್ಲಿರಲಿ. ಮನಸ್ಸು ತೀರಾ ಕುಸಿಯುವ ಗಳಿಗೆ ಬಂದು ಹೋಗುತ್ತೆ. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತೆ.

ಅವನು "ಹೌದು" ಅಂದರೆ ಮುಂದಿನ ಮಾತೇ ಇಲ್ಲ. ಅವನನ್ನು ಒಂಟಿಯಾಗಿ ಬಿಡಬೇಡಿ, ಆ ರಾತ್ರಿಯೇ ಅಪ್ಪನನ್ನು ಎಬ್ಬಿಸಿ, ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಈಗ ಆಣೆ. ನೀವು ಅದನ್ನು ಮುರಿಯಲೇಬೇಕಾಗುತ್ತೆ. ಆದರೆ ಬೆನ್ನ ಹಿಂದೆ ಬೇಡ, ಅವನಿಗೆ ಹೇಳಿಯೇ ಮುರಿಯಿರಿ. "ನಾನು ಅವತ್ತು ಆಣೆ ಮಾಡಿದ್ದು ತಪ್ಪಾಯ್ತು. ಇದು ನಮ್ಮಿಬ್ಬರಿಂದ ಆಗೋ ಕೆಲಸ ಅಲ್ಲ. ಅಪ್ಪನಿಗೆ ಹೇಳಲೇಬೇಕು. ಯಾರು ಹೇಳಬೇಕು, ಎಷ್ಟು ಹೇಳಬೇಕು, ನೀನೇ ಹೇಳು" ಅನ್ನಿ. ಹೀಗೆ ಕೇಳಿದಾಗ ಅವನ ಕೈಯಲ್ಲೂ ಸ್ವಲ್ಪ ಹಿಡಿತ ಉಳಿಯುತ್ತೆ. ಮಾರ್ಕ್ಸ್ ಹೇಳಬೇಡ ಅಂದರೆ ಸದ್ಯಕ್ಕೆ ಬಿಡಿ. ನಿದ್ದೆ, ಊಟ, ಅಳು, ಸಾಯುವ ಮಾತು ಬಂದಿದ್ದರೆ ಅದು, ಇಷ್ಟನ್ನು ಮಾತ್ರ ಮುಚ್ಚಿಡುವಂತಿಲ್ಲ. ಅವನಿಗೆ ನಾಲ್ಕು ದಿನ ಸಿಟ್ಟು ಬರಬಹುದು. ಆ ಸಿಟ್ಟನ್ನು ನೀವು ತಡೆದುಕೊಳ್ಳಬೇಕು.

ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಅವನಿಗೆ ಇನ್ನೂ 18 ತುಂಬಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಆ ವಯಸ್ಸಿನವರ ಚಿಕಿತ್ಸೆಗೆ ತಂದೆ ತಾಯಿ ಅಥವಾ ಪೋಷಕರು ಜೊತೆಗೆ ಬೇಕು. ಅಕ್ಕ ತಮ್ಮ ಇಬ್ಬರೇ ಗುಟ್ಟಾಗಿ ಹೋಗಿ ಬರುತ್ತೇವೆ ಅಂದರೆ ಬಹಳ ದಿನ ನಡೆಯಲ್ಲ. ಊರಿನ ಭಯಕ್ಕೂ ಅದೇ ಕಾಯ್ದೆಯಲ್ಲಿ ಉತ್ತರ ಇದೆ. ರೋಗಿಯ ವಿಷಯವನ್ನು ಡಾಕ್ಟರು ಗುಟ್ಟಾಗಿಯೇ ಇಡಬೇಕು.

ಅಪ್ಪನ ಹತ್ತಿರ ಒಬ್ಬರೇ ಹೋಗಬೇಡಿ. ಸೋದರಮಾವನಿಗೆ ಇವತ್ತೇ ಫೋನ್ ಮಾಡಿ, ಭಾನುವಾರ ಬರಲು ಹೇಳಿ. ನಮ್ಮ ಕಡೆ ಮಗಳ ಮಾತಿಗೆ ರೇಗುವ ಅಪ್ಪಂದಿರೂ ಹೆಂಡತಿ ತಮ್ಮನ ಎದುರು ಕೂತು ಕೇಳುತ್ತಾರೆ, ಅಲ್ವಾ? ಮಾತಾಡುವಾಗ ಡಿಪ್ರೆಶನ್ ಅಂತಲೋ ಮಾನಸಿಕ ಅಂತಲೋ ಶುರು ಮಾಡಬೇಡಿ. ಆ ಪದ ಕಿವಿಗೆ ಬಿದ್ದ ಕೂಡಲೇ ಅಪ್ಪ "ನನ್ನ ಮಗನಿಗೇನಾಗೇತಿ" ಅಂತ ಎದ್ದು ಹೋಗಬಹುದು. ಕಣ್ಣಿಂದ ಕಂಡಿದ್ದನ್ನು ಹೇಳಿ. ತಿಂಗಳಿಂದ ರಾತ್ರಿ ಮಲಗಿಲ್ಲ. ಒಂದೇ ರೊಟ್ಟಿ ತಿಂತಾನೆ. ಸಂಜೆ ಗೆಳೆಯರ ಜೊತೆ ಹೋಗುವುದನ್ನೂ ಬಿಟ್ಟಿದ್ದಾನೆ. ಎರಡು ವಾರಕ್ಕಿಂತ ಜಾಸ್ತಿ ದಿನ ಹೀಗಿದ್ದರೆ ಡಾಕ್ಟರಿಗೆ ತೋರಿಸಲೇಬೇಕು, ಇವನಿಗೆ ಆಗಲೇ ನಾಲ್ಕು ವಾರ ಆಯ್ತು.

371ಜೆ ಮಾತು ನನ್ನ ಮನಸ್ಸಿಗೆ ತುಂಬಾ ನಾಟಿತು. ಅಪ್ಪ ಧೈರ್ಯ ತುಂಬಲೆಂದೇ ಹೇಳಿರುತ್ತಾರೆ. ಈ ಭಾಗದ ಮಕ್ಕಳಿಗೆ ಅದರಿಂದ ಸೀಟು ಸಿಕ್ಕಿರುವುದೂ ನಿಜ. ಆದರೆ ಹುಡುಗನ ಕಿವಿಗೆ ಅದು ಬೇರೆ ಥರ ಕೇಳುತ್ತೆ. ಬೇರೆಯವರು ಸೀಟು ಸಿಗದಿದ್ದರೆ ಪೈಪೋಟಿ ಜಾಸ್ತಿ ಇತ್ತು ಅಂತ ಹೇಳಿಕೊಳ್ಳಬಹುದು. ಇವನಿಗೆ ಆ ಮಾತೂ ಇಲ್ಲ. ಇಷ್ಟು ಸುಲಭವಾಗಿದ್ದೂ ಆಗಲಿಲ್ಲ ಅಂದರೆ ನಾನೇ ದಂಡ ಅಂತ ಅಂದುಕೊಳ್ಳುತ್ತಾನೆ. ಇದರ ಮೇಲೆ ದಲ್ಲಾಳಿ ಅಂಗಡಿ ಸಾಲ ಬೇರೆ. ಇದನ್ನು ಮಾವ ಅಪ್ಪನಿಗೆ ಬಿಡಿಸಿ ಹೇಳಲಿ. "ಸೀಟು ಸಿಗದಿದ್ರೂ ನೀ ನನ್ನ ಮಗ, ಸಾಲ ನನ್ನ ಚಿಂತೆ" ಅನ್ನುವ ಮಾತು ಅಪ್ಪನ ಬಾಯಿಂದಲೇ ಬರಬೇಕು. ಬೇಕಾದರೆ ಒಂದೆರಡು ವಾರ ಕೋಚಿಂಗ್ ನಿಲ್ಲಲಿ. ಪರೀಕ್ಷೆ ಮುಂದಿನ ವರ್ಷವೂ ಇರುತ್ತೆ.

ಎಲ್ಲಿಗೆ ಹೋಗೋದು ಅಂತೀರಾ? ಮೊದಲು ನೀವೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಸರ್ಕಾರದ ಸಹಾಯವಾಣಿ, 2022ರಲ್ಲಿ ಶುರುವಾಗಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ. ತಮ್ಮನ ಬದಲು ಅಕ್ಕ ಮಾತಾಡಿದರೂ ದಾರಿ ಹೇಳುತ್ತಾರೆ. ಆಮೇಲೆ ಕೊಪ್ಪಳದ ಜಿಲ್ಲಾಸ್ಪತ್ರೆ. ಅಲ್ಲಿ ಮನೋವೈದ್ಯರಿಗೆ ತೋರಿಸಬಹುದು. ಅಷ್ಟು ದೂರ ಬೇಡ ಅಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಹರೆಯದವರಿಗಾಗಿಯೇ ಇರುವ ಸ್ನೇಹ ಕ್ಲಿನಿಕ್ ವಿಚಾರಿಸಿ. ಬರೀ ಮಾತಿನಿಂದಲೇ ಎಷ್ಟೋ ಹುಡುಗರು ಚೇತರಿಸಿಕೊಳ್ಳುತ್ತಾರೆ. ಮಾತ್ರೆ ಕೊಟ್ಟರೆ ಹೆದರಬೇಡಿ. ಪರಿಣಾಮ ಕಾಣಲು ಕೆಲವು ವಾರ ಬೇಕು. ಶುರುವಿನ ದಿನಗಳಲ್ಲಿ ತಳಮಳ ಜಾಸ್ತಿ ಆದರೆ ತಕ್ಷಣ ಡಾಕ್ಟರಿಗೆ ತಿಳಿಸಿ. ಸ್ವಲ್ಪ ಚೆನ್ನಾಗಾಯ್ತು ಅಂತ ನೀವೇ ನಿಲ್ಲಿಸಬೇಡಿ.

ಇದೆಲ್ಲಾ ಬೆಂಗಳೂರಿನವರ ಕಾಯಿಲೆ, ಹಳ್ಳಿಯವರಿಗ್ಯಾಕೆ ಅಂತ ಯಾರಾದರೂ ಅಂದರೆ ಇದನ್ನು ಹೇಳಿ. 1985ರಲ್ಲೇ ನಿಮ್ಹಾನ್ಸ್ ವೈದ್ಯರು ನಿಮ್ಮ ಪಕ್ಕದ ಬಳ್ಳಾರಿ ಜಿಲ್ಲೆಗೆ ಬಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಮನಸ್ಸಿನ ಕಾಯಿಲೆಯ ಔಷಧಿ ಹಳ್ಳಿ ಆಸ್ಪತ್ರೆಯಲ್ಲೇ ಸಿಗುವಂತೆ ಮಾಡಿದರು. ಆ ಬಳ್ಳಾರಿ ಮಾದರಿಯನ್ನೇ ಇಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮ ಕಡೆಯ ಹಳ್ಳಿ ಜನರಿಗಾಗಿಯೇ ಹುಟ್ಟಿದ ವ್ಯವಸ್ಥೆ ಇದು. ಅದನ್ನು ಬಳಸೋಕೆ ನಾವು ನಾಚಬೇಕಾ?

ಅವ್ವನ ಜೊತೆ ಜಗಳ ಬೇಡ. ಹುಲಿಗೆಮ್ಮನ ಭಂಡಾರ ಹಣೆಗೆ ಹಚ್ಚಿಕೊಂಡೇ ಡಾಕ್ಟರ ಹತ್ತಿರ ಹೋಗಿ ಬರಲಿ. ಅವ್ವ ಮಗನ ಪಕ್ಕ ಬಸ್ಸಿನಲ್ಲಿ ಕೂತು ಹೋಗುವುದೂ ಅವನಿಗೆ ಔಷಧಿಯೇ.

ಇವತ್ತು ರಾತ್ರಿ ಮತ್ತೆ ಸಪ್ಪಳ ಕೇಳಿದರೆ ಹಾಸಿಗೆಯಲ್ಲೇ ಕಿವಿಗೊಟ್ಟು ಮಲಗಬೇಡಿ. ಮೇಲೆ ಹೋಗಿ ಅವನ ಪಕ್ಕ ಕೂತುಕೊಳ್ಳಿ. ಆ ಟೆಸ್ಟ್ ಪೇಪರನ್ನು ಹರಿಯಬೇಡಿ, ತಮ್ಮ ಒಪ್ಪಿದರೆ ಡಾಕ್ಟರಿಗೆ ತೋರಿಸಲು ಬೇಕಾಗುತ್ತೆ. ಭಾನುವಾರ ಮಾವ ಬಂದು ಹೋದ ಮೇಲೆ ನನಗೆ ಒಂದು ಸಾಲು ಬರೆಯಿರಿ. ಕಾಯುತ್ತಿರುತ್ತೇನೆ.