ಇನ್ವರ್ನೆಸ್‌ಗೆ ಬರುವ ಮೊದಲು ಹೆಳವನನ್ನು ಕಂಡು ಬಾ

ತಂಗಿ,

ನಿನ್ನ ಪತ್ರ ಓದಿದೆ. ಸ್ಕಾಟ್ಲೆಂಡಿನ ಇನ್ವರ್ನೆಸ್‌ನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದ್ದು ತುಂಬಾ ಸಂತೋಷ. ಹಾವೇರಿ ಕಡೆಯ ಹುಡುಗಿಯೊಬ್ಬಳು ಇಷ್ಟು ಹತ್ತಿರ ಬರ್ತಾಳೆ ಅಂದರೆ ನಮ್ಮ ಮನೆಯಲ್ಲಿ ಈಗಲೇ ಹಬ್ಬ.

ಚಳಿ, ಖರ್ಚು, ಜೋಳದ ಹಿಟ್ಟು ಎಲ್ಲ ಕೇಳಿದ್ದೀಯ. ಕೊನೆಗೆ ಇನ್ನೊಂದು ಬರೆದಿದ್ದೀಯ: "ಕಾಕಾ, ನಮ್ಮ ವಾರ್ಡಿನ ಮುಖ್ಯಸ್ಥೆ ಮೆಕೆಂಜಿ, ಬಾಡಿಗೆ ಮನೆ ಕೊಡುವವರೂ ಮೆಕೆಂಜಿ. ಅಣ್ಣ-ತಂಗಿ ಏನು? ಆ ಹೆಸರಿನ ಅರ್ಥ ಏನು? ನನ್ನ ಅಡ್ಡಹೆಸರು ಮೆಣಸಿನಕಾಯಿ ಅಂದರೆ ಅಲ್ಲಿ ನಗ್ತಾರಾ? ಅದನ್ನು ಬಿಟ್ಟು ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿಸಲಾ?"

ಚಳಿ ತಡೆಯಬಹುದು. ಕತ್ತಲೆ ಕಷ್ಟ. ನಾನು ಜನವರಿಯಲ್ಲಿ ಬಂದಿಳಿದಾಗ ಮಧ್ಯಾಹ್ನ ನಾಲ್ಕಕ್ಕೇ ಬೀದಿ ದೀಪ ಹತ್ತಿದ್ದವು, ಗಡಿಯಾರ ಕೆಟ್ಟಿದೆ ಅಂದುಕೊಂಡಿದ್ದೆ. ದಪ್ಪ ಕೋಟು ಅಲ್ಲಿಂದ ಹೊತ್ತು ತರಬೇಡ, ಇಲ್ಲೇ ತಗೋ. ಜೋಳದ ಹಿಟ್ಟು ಗ್ಲಾಸ್ಗೋದಲ್ಲಿ ಸಿಗುತ್ತೆ. ಖರ್ಚಿನ ಲೆಕ್ಕ ನಿಮ್ಮ ಕಾಕು ಹೇಳ್ತಾಳೆ, ಅದು ಅವಳ ಖಾತೆ.

ಈಗ ಮೆಕೆಂಜಿ ವಿಷಯಕ್ಕೆ ಬರ್ತೀನಿ. ಇಬ್ಬರ ಹೆಸರೂ ಒಂದೇ ಅಂತ ನೆಂಟರು ಅಂದುಕೊಳ್ಳಬೇಡ. ನೀನು ಬರುತ್ತಿರುವುದೇ ಮೆಕೆಂಜಿಗಳ ಸೀಮೆಗೆ. ಇಡೀ ಸ್ಕಾಟ್ಲೆಂಡ್ ಲೆಕ್ಕಕ್ಕೆ ತಗೊಂಡರೆ ಸ್ಮಿತ್, ಬ್ರೌನ್, ವಿಲ್ಸನ್ ಇವೇ ಜಾಸ್ತಿ. ಎಲ್ಲರ ಹೆಸರಿನ ಮುಂದೆಯೂ ಮ್ಯಾಕ್ ಇರುತ್ತೆ ಅನ್ನೋದು ಸಿನಿಮಾ ನೋಡಿದವರ ಮಾತು. ಆದರೆ ಇನ್ವರ್ನೆಸ್, ಅದರ ಮೇಲಿನ ರಾಸ್ ಸೀಮೆ, ಪಶ್ಚಿಮದ ಲೂಯಿಸ್ ದ್ವೀಪ, ಇಲ್ಲೆಲ್ಲ ಬಾಗಿಲು ಬಾಗಿಲಿಗೂ ಮೆಕೆಂಜಿ ಸಿಗ್ತಾರೆ.

ಇಲ್ಲಿಯ ಹಳೇ ಗೇಲಿಕ್ ಭಾಷೆಯಲ್ಲಿ ಅದು ಮಕ್ ಕೊಯ್ನಿಖ್. ಅಂದರೆ ಕೊಯ್ನಿಖ್‌ನ ಮಗ. ಕೊಯ್ನಿಖ್ ಅನ್ನೋದೇ ಇಂಗ್ಲಿಷಿನಲ್ಲಿ ಕೆನೆತ್ ಆಯಿತು. ಕೊಯ್ನಿಖ್ ಅಂದರೆ ಚೆಲುವ. ನಮ್ಮಲ್ಲಾದರೆ ಚೆಲುವಯ್ಯನ ಮಗ ಅಂತಿದ್ದರು, ಅಷ್ಟೇ. ಹೆಂಗಸರಿಗೆ ಗೇಲಿಕ್‌ನಲ್ಲಿ ಮಕ್ ಬರುವುದಿಲ್ಲ, ನಿಕ್ ಬರುತ್ತೆ. ನಿಮ್ಮ ವಾರ್ಡಿನ ಮುಖ್ಯಸ್ಥೆ ಗೇಲಿಕ್ ಮನೆಯವರಾದರೆ ಆ ಭಾಷೆಯಲ್ಲಿ ಅವರು ನಿಕ್ ಕೊಯ್ನಿಖ್. ಅದೆಲ್ಲ ನೀನು ಹೇಳೋಕೆ ಹೋಗಬೇಡ. ಮೊದಲ ದಿನವೇ ಅವರು ತಮ್ಮ ಸಣ್ಣ ಹೆಸರು ಹೇಳ್ತಾರೆ, ಅದನ್ನೇ ಕರಿ. ಮೇಡಂ ಗೀಡಂ ಅಂದರೆ ಇಲ್ಲಿಯವರಿಗೆ ಮುಜುಗರ.

ಇನ್ನು ಆ 'ಜಿ' ಸದ್ದಿನ ಕಥೆ. ಹಳೇ ಸ್ಕಾಟ್ ಬರಹದಲ್ಲಿ ಯೋಖ್ ಅಂತ ಒಂದು ಅಕ್ಷರ ಇತ್ತು. 'ಯ'ಕಾರಕ್ಕೆ ಹತ್ತಿರದ ಸದ್ದು. ಅಚ್ಚಿನ ಮೊಳೆ ಬಂದಾಗ ಆ ಅಕ್ಷರ ಇರಲಿಲ್ಲ, ನೋಡೋಕೆ ಹಾಗೇ ಕಾಣುವ ಝೆಡ್ ಹಾಕಿಬಿಟ್ಟರು. ಜನ ಬರೆದದ್ದನ್ನೇ ಓದೋಕೆ ಶುರು ಮಾಡಿ ಮೆಕೆಂಜಿ ಆಯಿತು. ಕೆಲವು ಹೆಸರು ಮಾತ್ರ ಹಳೇ ಉಚ್ಚಾರಣೆ ಬಿಟ್ಟಿಲ್ಲ. ರೋಗಿಗಳ ಪಟ್ಟಿಯಲ್ಲಿ 'ಮೆಂಜೀಸ್' ಅಂತ ಕಂಡರೆ 'ಮಿಂಗಿಸ್' ಅಂತ ಕರೆದು ನೋಡು. 'ಡಾಲ್ಜಿಯೆಲ್' ಅಂತ ಕಂಡರೆ 'ಡಿಯೆಲ್'. ಹೊಸಬಳ ಬಾಯಲ್ಲಿ ಸರಿಯಾಗಿ ಬಂದರೆ ಮುದುಕರು ಖುಷಿಯಾಗಿ ಇಡೀ ವಂಶದ ಕಥೆ ಶುರು ಮಾಡ್ತಾರೆ. ಡ್ಯೂಟಿ ಮುಗಿಯುವ ಹೊತ್ತಿಗೆ ಮಾತ್ರ ಕರೀಬೇಡ!

ಇಷ್ಟು ಜನ ಮೆಕೆಂಜಿಗಳು ಹೇಗಾದರು ಅಂದರೆ, ರಕ್ತಸಂಬಂಧ ಒಂದರಿಂದಲೇ ಅಲ್ಲ. ಪಶ್ಚಿಮ ಕರಾವಳಿಯ ಕಿಂಟೇಲ್ ಅವರ ಮೂಲ. ಕ್ಯಾಲೆಂಡರುಗಳಲ್ಲಿ ಬರುತ್ತಲ್ಲ, ನೀರಿನ ನಡುವೆ ಐಲಿಯನ್ ಡೊನನ್ ಕೋಟೆ, ಅದು ಅವರದೇ ಆಗಿತ್ತು. ಅಲ್ಲಿಂದ ಪೂರ್ವಕ್ಕೆ ಹಬ್ಬಿದರು. 1610ರಲ್ಲಿ ಲೂಯಿಸ್ ದ್ವೀಪವೂ ಕೈಗೆ ಬಂತು. 1623ರಲ್ಲಿ ಸೀಫೋರ್ತ್ ಅರ್ಲ್ ಅನ್ನುವ ಪದವಿ ಸಿಕ್ಕಿತು. ದೊಡ್ಡ ಒಡೆಯನ ಭೂಮಿಯಲ್ಲಿ ಉಳುವವನು ಒಡೆಯನ ಹೆಸರನ್ನೇ ಇಟ್ಟುಕೊಂಡರೆ ರಕ್ಷಣೆ ಅಲ್ವಾ. ಹಾಗೆ ಸೇರಿಕೊಂಡವರು ಎಷ್ಟೋ ಮಂದಿ. ಮುಖ್ಯಸ್ಥನ ಮನೆತನ ಈಗಲೂ ಇದೆ. ಕ್ರೊಮಾರ್ಟಿಯ ಅರ್ಲ್ ಅಂತಾರೆ. ಅವರ ಲಿಯಡ್ ಕೋಟೆ ನಾವಿರುವ ಡಿಂಗ್ವಾಲ್‌ನಿಂದ ನಾಲ್ಕೈದು ಮೈಲಿ. ಬಂದಾಗ ತೋರಿಸ್ತೀನಿ.

ನಗ್ತಾರಾ ಅಂದೆ. ಕ್ಯಾಂಬೆಲ್ ಇಲ್ಲಿ ದೊಡ್ಡ ಮನೆತನ. ಅದರ ಅರ್ಥ ಸೊಟ್ಟಬಾಯಿ. ಕ್ಯಾಮೆರಾನ್ ಅಂದರೆ ಸೊಟ್ಟಮೂಗು ಅಂತ ಹೇಳ್ತಾರೆ. ಅವರಲ್ಲಿ ದೇಶದ ಪ್ರಧಾನಿಗಳೇ ಆಗಿದ್ದಾರೆ. ಮ್ಯಾಕಿಂಟೈರ್ ಅಂದರೆ ಬಡಗಿಯ ಮಗ, ನಮ್ಮ ಬಡಿಗೇರ. ಮೆಣಸಿನಕಾಯಿಗೆ ಏನಾಗಿದೆ? ಅದೂ ಬ್ಯಾಡಗಿ ಪಕ್ಕದ ಊರಿನವಳಿಗೆ!

ಆದ್ದರಿಂದ ಅದನ್ನು ತೆಗೆಸಬೇಡ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ನಮ್ಮ ಅಡ್ಡಹೆಸರು ಉಳ್ಳಾಗಡ್ಡಿ. ಪಾಸ್‌ಪೋರ್ಟ್ ಮಾಡಿಸಿದ ಏಜೆಂಟ್ "ವಿದೇಶದಲ್ಲಿ ಇದೆಲ್ಲ ಬೇಡ ಬಿಡ್ರಿ" ಅಂತ ಅಪ್ಪನ ಹೆಸರನ್ನೇ ಆ ಜಾಗದಲ್ಲಿ ತುಂಬಿಬಿಟ್ಟ. ಇಲ್ಲಿ ಮೊದಲ ಸಲ ಡಾಕ್ಟರ ಹತ್ತಿರ ಹೋದಾಗ ಒಳಗಿಂದ "ಮಿಸ್ಟರ್ ಬಸಪ್ಪ" ಅಂತ ಕರೆದರು. ನಾನು ಬಾಗಿಲ ಕಡೆ ತಿರುಗಿ ನೋಡಿದೆ, ಅಪ್ಪ ಬಂದನೇನೋ ಅನ್ನೋ ಹಾಗೆ. ಅಪ್ಪ ತೀರಿಕೊಂಡು ಆಗ ಬಹಳ ದಿನ ಆಗಿರಲಿಲ್ಲ. ಈಗ ನನ್ನ ಮಕ್ಕಳೂ ಬಸಪ್ಪಗಳೇ. ಉಳ್ಳಾಗಡ್ಡಿ ಅಂತ ನಮ್ಮ ಮನೆಗೆ ಯಾಕೆ ಬಂತು ಅಂತ ಅವರು ಕೇಳಿದರೆ ಹೇಳೋಕೆ ನನಗೆ ಗೊತ್ತಿಲ್ಲ.

ಗೊತ್ತಿದ್ದವನು ಒಬ್ಬ ಇದ್ದ. ನಮ್ಮೂರಿಗೆ ಸುಗ್ಗಿ ಮುಗಿದ ಮೇಲೆ ಮನೆಮನೆಯ ವಂಶಾವಳಿ ಹೇಳುವ ಹೆಳವ ಬರುತ್ತಿದ್ದ. ನಿಮ್ಮ ಮನೆಗೂ ಬರುತ್ತಿದ್ದ, ನಿಮ್ಮಪ್ಪನನ್ನು ಕೇಳು. ಎತ್ತನ್ನು ಬೇವಿನ ಗಿಡಕ್ಕೆ ಕಟ್ಟಿ, ಕಟ್ಟೆಯ ಮೇಲೆ ಕೂತು, ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಬಿಚ್ಚುತ್ತಿದ್ದ. ಆದರೆ ಪುಸ್ತಕ ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿ ಹೇಳುತ್ತಿದ್ದ. ಮೂಲಪುರುಷ ಎಲ್ಲಿಂದ ಬಂದ, ಯಾವ ಹೊಲ ಹಿಡಿದ, ಅವನ ಮಕ್ಕಳೆಷ್ಟು, ಅಡ್ಡಹೆಸರು ಯಾರಿಂದ ಬಂತು, ಎಲ್ಲ ಒಂದೇ ಉಸಿರಿಗೆ. ಆ ವರ್ಷ ಹುಟ್ಟಿದ ಮಕ್ಕಳ ಹೆಸರು ಸೇರಿಸಿಕೊಂಡು, ಅವ್ವ ಮೊರದಲ್ಲಿ ತಂದ ಜೋಳ ಹಾಕಿಸಿಕೊಂಡು ಹೋಗುತ್ತಿದ್ದ. ನಾವು ಹುಡುಗರು ಅವನ ರಾಗ ಅಣಕಿಸಿ ನಗುತ್ತಿದ್ದೆವು.

ಅದು ಎಂಥ ದೊಡ್ಡ ವಿದ್ಯೆ ಅಂತ ಗೊತ್ತಾಗಿದ್ದು ಇಲ್ಲಿ. ಪಕ್ಕದ ಮನೆಯಲ್ಲಿ ಲೂಯಿಸ್‌ನ ಅಜ್ಜಿ ಒಬ್ಬರಿದ್ದರು. ಅವರೂ ಮೆಕೆಂಜಿ. ಅವರ ಊರಲ್ಲಿ ಮೆಕೆಂಜಿಗಳು ಎಷ್ಟು ಅಂದರೆ ಆ ಹೆಸರಿಂದ ಯಾರನ್ನೂ ಗುರುತು ಹಿಡಿಯೋಕಾಗಲ್ಲ. ಅದಕ್ಕೆ ಅಪ್ಪ, ಅಜ್ಜ, ಮುತ್ತಜ್ಜನ ಹೆಸರು ಪೋಣಿಸಿ ಹೇಳ್ತಾರೆ. ಹೊಸಬರು ಸಿಕ್ಕರೆ "ಕೋ ಲೇಶ್ ಊ" ಅಂತ ಕೇಳೋದು ವಾಡಿಕೆ. ನಮ್ಮ "ನೀ ಯಾರ ಪೈಕಿ" ಇದೆಯಲ್ಲ, ಥೇಟ್ ಅದೇ. ಅಜ್ಜಿ ಒಂದು ಸಂಜೆ ಚಹಾದ ಕಪ್ ಕೆಳಗಿಟ್ಟು ಬೆರಳು ಮಡಚುತ್ತಾ ತಮ್ಮ ಕಡೆಯದನ್ನು ಹೇಳಿದರು. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದರು. ಆಮೇಲೆ "ಈಗ ನಿನ್ನದು" ಅಂದರು. ನಾನು "ನಮ್ಮಪ್ಪ ಬಸಪ್ಪ, ಅವರಪ್ಪ ಫಕೀರಪ್ಪ" ಅಂದೆ. ಅಲ್ಲಿಗೆ ನಿಂತೆ. ರಾತ್ರಿ ಊರಿಗೆ ಫೋನ್ ಮಾಡಿದೆ. ದೊಡ್ಡಪ್ಪನಿಗೆ ಇನ್ನೊಂದು ಹೆಸರು ಗೊತ್ತಿತ್ತು. ಹೆಳವ ತೀರಿಕೊಂಡಿದ್ದ. ಅವನ ಮಗ ಬೆಂಗಳೂರಲ್ಲಿ ಎಲ್ಲೋ ಕೆಲಸಕ್ಕಿದ್ದಾನೆ, ಪುಸ್ತಕ ಯಾರ ಹತ್ತಿರ ಇದೆಯೋ ಅಂದರು. ಹುಡುಕಿಸಿದೆ. ಸಿಗಲಿಲ್ಲ.

ಇಲ್ಲೂ ಹಿಂದೆ ಹೆಳವರಂಥವರು ಇದ್ದರು, ಶೆನಖಿ ಅಂತ ಕರೀತಿದ್ದರು. 1249ರಲ್ಲಿ ಏಳು ವರ್ಷದ ಹುಡುಗ ಮೂರನೇ ಅಲೆಕ್ಸಾಂಡರ್‌ನನ್ನು ಸ್ಕೂನ್‌ನಲ್ಲಿ ರಾಜನನ್ನಾಗಿ ಕೂರಿಸಿದಾಗ ಅಂಥವನೊಬ್ಬ ಎದ್ದು ನಿಂತು ಗೇಲಿಕ್‌ನಲ್ಲಿ ಹುಡುಗನ ವಂಶಾವಳಿ ಹೇಳಿದ. ಈಗ ಅದೆಲ್ಲ ದಫ್ತರಕ್ಕೆ ಹೋಗಿದೆ. ಗೋರಿಕಲ್ಲಿನ ಮೇಲೆ ಹೆಂಡತಿಯ ತವರಿನ ಹೆಸರು ಕೂಡ ಕೆತ್ತಿರ್ತಾರೆ. ಕೆನಡಾ, ಆಸ್ಟ್ರೇಲಿಯಾದಿಂದ ಬಂದ ಮೊಮ್ಮಕ್ಕಳು ಅದನ್ನು ನೋಡಿಯೇ ದಾರಿ ಹಿಡೀತಾರೆ.

ಇನ್ನೊಂದು ಮಾತು. ಲೂಯಿಸ್‌ನ ಸ್ಟಾರ್ನೊವೇ ಊರಿನ ಕಾಲಿನ್ ಮೆಕೆಂಜಿ ಗೊತ್ತಲ್ವಾ, ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯ ಸರ್ವೆ ಮಾಡಿದವನು. ನಮ್ಮ ಊರೂರ ಕೈಫಿಯತ್ತು, ಅಂದರೆ ಊರಿನ ಹಳೇ ಕಥೆಯ ದಾಖಲೆ, ಶಾಸನ ಬರೆಸಿಕೊಂಡವನು ಅವನೇ. 1816ರಲ್ಲಿ ಥಾಮಸ್ ಹಿಕಿ ಬರೆದ ಅವನ ಚಿತ್ರ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಪಕ್ಕದಲ್ಲಿ ಜೈನ ಪಂಡಿತ ಧರ್ಮಯ್ಯ ತಾಳೆಗರಿ ಹಿಡಿದು ನಿಂತಿದ್ದಾರೆ. ಹಿಂದೆ ದೂರದಲ್ಲಿ ಕಾರ್ಕಳದ ಗೊಮ್ಮಟ. 1783ರಲ್ಲಿ ಮದ್ರಾಸಿಗೆ ಹೋದವನು ಮತ್ತೆ ಸ್ಟಾರ್ನೊವೇಗೆ ಬರಲೇ ಇಲ್ಲ. 1821ರಲ್ಲಿ ಕಲ್ಕತ್ತಾ ಹತ್ತಿರ ತೀರಿಕೊಂಡ. ಪರದೇಶದವನೊಬ್ಬ ನಮ್ಮವರನ್ನು ಕೂರಿಸಿಕೊಂಡು ಕೇಳಿ ಬರೆಸಿದ. ನಮ್ಮ ಕಟ್ಟೆಗೇ ಬಂದು ಹೇಳಿದ್ದನ್ನು ನಾವು ಬರೆದುಕೊಳ್ಳಲಿಲ್ಲ. ಈ ಹೊಟ್ಟೆಯುರಿ ನನಗೆ ಹೋಗುವುದಿಲ್ಲ.

ನಿಮ್ಮ ಮನೆಗೆ ಹೆಳವ ಇನ್ನೂ ಬರ್ತಾನೆ ಅಂತ ನಿಮ್ಮಪ್ಪ ಹೋದ ವರ್ಷ ಹೇಳಿದ್ದ. ಸುಗ್ಗಿವರೆಗೆ ಕಾಯಬೇಡ, ಅವನಿರುವ ಊರಿಗೇ ಹೋಗು. ಬರಿಗೈಯಲ್ಲಿ ಹೋಗಬೇಡ. ಮೊಬೈಲ್‌ನಲ್ಲಿ ಪೂರ್ತಿ ರೆಕಾರ್ಡ್ ಮಾಡಿಕೋ. ನಡುವೆ ಬಾಯಿ ಹಾಕಬೇಡ, ಅವನ ಓಟ ತಪ್ಪುತ್ತೆ. ಉಳ್ಳಾಗಡ್ಡಿ ಮನೆತನದ್ದೂ ಏನಾದರೂ ಗೊತ್ತಾ ಅಂತ ಒಂದು ಮಾತು ಕೇಳಿ ನೋಡು. ಹೆಳವರಲ್ಲಿ ಮನೆಗಳ ಹಂಚಿಕೆ ಇರುತ್ತೆ, ಗೊತ್ತಿರಲಿಕ್ಕಿಲ್ಲ. ಆದರೂ ಕೇಳು.

ಪಾಸ್‌ಪೋರ್ಟ್, ನರ್ಸಿಂಗ್ ಸರ್ಟಿಫಿಕೇಟ್, ಇಲ್ಲಿನ ರಿಜಿಸ್ಟ್ರೇಷನ್ ಮೂರರಲ್ಲೂ ಮೆಣಸಿನಕಾಯಿ ಒಂದೇ ಸ್ಪೆಲ್ಲಿಂಗ್‌ನಲ್ಲಿ ಇರಬೇಕು. ಒಂದಕ್ಷರ ಆಚೀಚೆ ಆದರೂ ತಿಂಗಳುಗಟ್ಟಲೆ ಓಡಾಟ. ಟಿಕೆಟ್ ಆದ ಮೇಲೆ ತಾರೀಖು ಬರಿ. ನಾನು ಸ್ಟೇಷನ್ನಿಗೆ ಬರ್ತೀನಿ.

ನಿನ್ನ ಕಾಕಾ