ವಾರಂಟಿ ಇರುವ ಬೈಕಿಗೆ ಶೋರೂಮಿನ ಆಯಿಲೇ ಹಾಕಿಸಬೇಕಾ?

ನೀವು ಕೇಳಿರುವುದು ಇಷ್ಟು. 150 ಸಿಸಿ ಬೈಕು, ಕೊಂಡು ಏಳು ತಿಂಗಳು, ಎಂಟು ಸಾವಿರ ಕಿಲೋಮೀಟರ್ ಆಗಿದೆ. ವಾರಕ್ಕೆ ಮೂರು ದಿನ ಮಂಡ್ಯದಿಂದ ಮೈಸೂರಿಗೆ ಹೋಗಿ ಬರುತ್ತೀರಿ. ಶೋರೂಮಿನವರು ‘ನಮ್ಮ ಆಯಿಲ್ ಬಿಟ್ಟು ಬೇರೆ ಹಾಕಿದ್ರೆ ವಾರಂಟಿ ಇಲ್ಲ’ ಅಂದಿದ್ದಾರೆ. ಗೆಳೆಯ ಫುಲ್ ಸಿಂಥೆಟಿಕ್ (ರಾಸಾಯನಿಕವಾಗಿ ತಯಾರಿಸಿದ ಆಯಿಲ್) ಹಾಕ್ಸು ಅಂತಾನೆ. ಮನೆ ಹತ್ತಿರದ ಮೆಕ್ಯಾನಿಕ್ಕು ‘ನಮ್ ಬಿಸಿಲಿಗೆ ದಪ್ಪ ಆಯಿಲ್, 20ಡಬ್ಲ್ಯೂ-50 ಹಾಕ್ಬುಡಣ್ಣ, ಇಂಜಿನ್ ತಣ್ಣಗಿರ್ತದೆ’ ಅಂದಿದ್ದಾರೆ. ಯಾರ ಮಾತು ಕೇಳೋದು?

ಸದ್ಯಕ್ಕೆ ಮೂವರದ್ದೂ ಬೇಡ. ಬೈಕಿನ ಜೊತೆ ಒಂದು ಪುಸ್ತಕ ಕೊಟ್ಟಿರುತ್ತಾರಲ್ಲ, ಅದನ್ನು ಹುಡುಕಿ. ಅದರ ಕೊನೆಯ ಕಡೆ ಅಳತೆ, ಲೆಕ್ಕಗಳ ಪುಟ ಇರುತ್ತದೆ. ಇಂಜಿನ್ ಆಯಿಲ್ ಎದುರಿಗೆ ‘10ಡಬ್ಲ್ಯೂ-30, ಎಪಿಐ ಎಸ್‌ಎಲ್, ಜಾಸೋ ಎಂಎ’ ಅನ್ನುವ ತರಹ ಏನೋ ಬರೆದಿರುತ್ತದೆ. ನಿಮ್ಮ ಬೈಕಿನದ್ದು ಬೇರೆ ಇರಬಹುದು. ಅದನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ನಿಂತಾಗ ಬ್ರಾಂಡಿನ ಹೆಸರಿಗಿಂತ ಆ ಫೋಟೊ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಇದರಲ್ಲಿ ನಾನು ಮೊದಲು ನೋಡುವುದು ಕೊನೆಯಲ್ಲಿರುವ ಜಾಸೋ, ಅಂದರೆ ಆಯಿಲು ಬೈಕಿನ ಕ್ಲಚ್ಚಿಗೆ ಒಗ್ಗುತ್ತಾ ಅಂತ ಹೇಳುವ ಗುರುತು. ಯಾಕೆ ಅಂದರೆ ಅಲ್ಲೇ ನಾನು ಕೈ ಸುಟ್ಟುಕೊಂಡಿದ್ದು.

ಹತ್ತು ವರ್ಷದ ಹಿಂದಿನ ಮಾತು. ಆಗಲೂ ಬೈಕು ಹೊಸದು, ವಾರಂಟಿ ಇತ್ತು. ನಮ್ಮ ಮಾವನ ಕಾರಿಗೆ ತಂದ ಆಯಿಲಿನಲ್ಲಿ ಒಂದು ಲೀಟರ್ ಮಿಕ್ಕಿತ್ತು. ದುಬಾರಿ ಆಯಿಲು, ಸುಮ್ನೆ ಕೂತಿದೆ, ಬೈಕಿಗೆ ಹಾಕೋಣ ಅಂತ ಮನೆಯಲ್ಲೇ ಬದಲಾಯಿಸಿದೆ. ಮೊದಲ ವಾರ ಸ್ವರ್ಗ. ಸದ್ದು ಕಡಿಮೆ, ಓಟ ನಯ. ಆಮೇಲೆ ಒಂದು ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುತ್ತಿದ್ದೆ. ಅರ್ಧ ದಾರಿಯಲ್ಲಿ ಇಂಜಿನ್ ಕಿರುಚುತ್ತೆ, ಗಾಡಿ ಮುಂದಕ್ಕೆ ಹೋಗ್ತಾ ಇಲ್ಲ. ಎಕ್ಸಿಲರೇಟರ್ ತಿರುವಿದಷ್ಟೂ ಸದ್ದು ಮಾತ್ರ. ಕ್ಲಚ್ ಜಾರುತ್ತಿತ್ತು.

ಕಾರಣ ಸರಳ. ಮಾಮೂಲಿ ಕಾರಿನಲ್ಲಿ ಕ್ಲಚ್ ಇಂಜಿನ್ ಆಯಿಲಿನಲ್ಲಿ ಮುಳುಗಿರುವುದಿಲ್ಲ. ಗೇರ್ ಬಾಕ್ಸಿಗೂ ಬೇರೆ ಆಯಿಲ್. ನಮ್ಮ ಬೈಕುಗಳಲ್ಲಿ ಹಾಗಲ್ಲ. ಒಂದೇ ಒಂದು ಲೀಟರ್ ಆಯಿಲ್ ಇಂಜಿನ್ನೂ ನೋಡಿಕೊಳ್ಳಬೇಕು, ಗೇರೂ ನೋಡಿಕೊಳ್ಳಬೇಕು. ಕ್ಲಚ್ ಪ್ಲೇಟುಗಳೂ ಅದರಲ್ಲೇ ನೆನೆಯುತ್ತಿರುತ್ತವೆ. ಕಾರಿನ ಎಷ್ಟೋ ಆಯಿಲುಗಳಿಗೆ ಮೈಲೇಜ್ ಬರಲಿ ಅಂತ ಜಾರಿಕೆ ಹೆಚ್ಚಿಸುವ ರಾಸಾಯನಿಕ ಬೆರೆಸಿರುತ್ತಾರೆ. ಪ್ಲೇಟುಗಳು ಒಂದನ್ನೊಂದು ಹಿಡಿದುಕೊಳ್ಳಬೇಕಾದ ಕಡೆ ಜಾರಿದರೆ ಏನಾಗುತ್ತೆ? ನನಗಾದದ್ದೇ ಆಗುತ್ತೆ. ಈ ತೊಂದರೆಗೆ ಅಂತಲೇ ಜಪಾನಿನವರು 1998ರಲ್ಲಿ ಬೈಕಿನ ಆಯಿಲಿಗೆ ಬೇರೆ ಮಾನದಂಡ ಮಾಡಿದರು. ಅದೇ ಜಾಸೋ. ಎಂಎ, ಎಂಎ1, ಎಂಎ2 ಎಂದಿದ್ದರೆ ಬೈಕಿನ ಕ್ಲಚ್ಚಿಗೆ ಸರಿ. ಎಂಬಿ ಎಂದಿದ್ದರೆ ಅದು ಗೇರಿಲ್ಲದ ಸ್ಕೂಟರಿಗೆ. ಎರಡೂ ಬಾಟಲಿಯ ಮೇಲೆ 10ಡಬ್ಲ್ಯೂ-30 ಅಂತಲೇ ಇರಬಹುದು, ನೋಡೋಕೂ ಒಂದೇ ತರಹ. ಅಂಗಡಿ ಹುಡುಗ ‘ಎರಡೂ ಒಂದೇ ಬುಡಣ್ಣ’ ಅಂತಾನೆ. ಒಂದೇ ಅಲ್ಲ.

ಮಂಡ್ಯ–ಮೈಸೂರು ಓಡಾಟದಲ್ಲಿ ಇದು ಇನ್ನೂ ಮುಖ್ಯ. 2023ರ ಆಗಸ್ಟಿನಿಂದ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕಿಗೆ ಪ್ರವೇಶವಿಲ್ಲ. ಸರ್ವೀಸ್ ರೋಡೇ ಗತಿ. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ ಹಾಫ್ ಕ್ಲಚ್ಚಿನಲ್ಲೇ ಊರು ದಾಟಬೇಕು. ಹಾಗಾಗಿ ಪ್ಲೇಟುಗಳಿಗೆ ಮೊದಲೇ ಕೆಲಸ ಜಾಸ್ತಿ.

ಈಗ ಮೆಕ್ಯಾನಿಕ್ ಹೇಳಿದ ದಪ್ಪ ಆಯಿಲು. 10ರ ಪಕ್ಕದ ಡಬ್ಲ್ಯೂ ಅಂದರೆ ವಿಂಟರ್, ಚಳಿ. 10ಡಬ್ಲ್ಯೂ ಆಯಿಲನ್ನು ಸೊನ್ನೆಗಿಂತ 25 ಡಿಗ್ರಿ ಕೆಳಗೆ ಪರೀಕ್ಷೆ ಮಾಡುತ್ತಾರೆ, 20ಡಬ್ಲ್ಯೂ ಆಯಿಲನ್ನು 15 ಡಿಗ್ರಿ ಕೆಳಗೆ. ಧನುರ್ಮಾಸದ ಬೆಳಗ್ಗೆ ಕೂಡ ನಮ್ಮಲ್ಲಿ ಅಷ್ಟು ಚಳಿ ಎಲ್ಲಿದೆ! ಆದ್ದರಿಂದ ನಮಗೆ ಹೆಚ್ಚು ತಾಗುವುದು ಎರಡನೇ ಸಂಖ್ಯೆ. ಅದು 100 ಡಿಗ್ರಿ ಕಾವಿನಲ್ಲಿ ಆಯಿಲ್ ಎಷ್ಟು ದಪ್ಪ ಉಳಿಯುತ್ತೆ ಅನ್ನುವುದರ ಲೆಕ್ಕ. 30ಕ್ಕೆ ಮಾಡಿದ ಇಂಜಿನ್ನಿಗೆ 50 ಹಾಕಿದರೆ ತಣ್ಣಗಾಗುವುದಿಲ್ಲ. ದಪ್ಪ ಆಯಿಲನ್ನು ಕಲಕುವುದೇ ಇಂಜಿನ್ನಿಗೆ ಒಂದು ಹೊರೆ. ಪಿಕಪ್ಪೂ ಮೈಲೇಜೂ ಸ್ವಲ್ಪ ಇಳಿಯುತ್ತವೆ. ಮಂಡ್ಯದ ಬಿಸಿಲು ಹೇಗಿರುತ್ತೆ ಅಂತ ಗೊತ್ತಿದ್ದೇ ಕಂಪನಿಯವರು ಇಲ್ಲಿ ಬೈಕು ಮಾರುತ್ತಿರುವುದು, ಅಲ್ವಾ? 15ಡಬ್ಲ್ಯೂ-50 ಬೇಕೆನ್ನುವ ಬೈಕುಗಳೂ ಇವೆ. ಅವಕ್ಕೆ ಅದೇ ಸರಿ.

ಮೆಕ್ಯಾನಿಕ್ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಆಯಿಲ್ ವಿಷಯದಲ್ಲಿ ನಮ್ಮ ಕಡೆ ಎಲ್ಲರೂ ಪಂಡಿತರೇ. 1996ರವರೆಗೆ ಮೈಸೂರಿನ ಯಾದವಗಿರಿಯಲ್ಲೇ ಜಾವಾ, ಯೆಜ್ಡಿ ತಯಾರಾಗುತ್ತಿದ್ದವು. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕುವ ಟೂ ಸ್ಟ್ರೋಕ್ ಗಾಡಿಗಳು. ನಮ್ಮಪ್ಪ ಕಣ್ಣಳತೆಯಲ್ಲೇ ಬೆರೆಸುತ್ತಿದ್ದರು, ಗಾಡಿ ಹೊಗೆ ಬಿಟ್ಟುಕೊಂಡು ಓಡುತ್ತಿತ್ತು. ಆ ಧೈರ್ಯ ಇನ್ನೂ ಹೋಗಿಲ್ಲ.

ಎಪಿಐ ಅಂದರೆ ಆಯಿಲಿನ ಗುಣಮಟ್ಟಕ್ಕೆ ಅಮೆರಿಕದವರು ಮಾಡಿದ ಗುರುತು, ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಸ್ ಪಕ್ಕದ ಅಕ್ಷರ ಮುಂದೆ ಹೋದಷ್ಟೂ ಹೊಸದು. ಪುಸ್ತಕದಲ್ಲಿ ಎಸ್‌ಎಲ್ ಇದ್ದು ಬಾಟಲಿಯಲ್ಲಿ ಎಸ್‌ಎನ್ ಇದ್ದರೆ ತೊಂದರೆಯಿಲ್ಲ, ಜಾಸೋ ಸರಿಯಿರಬೇಕು ಅಷ್ಟೆ. ಸಿಂಥೆಟಿಕ್ಕೂ ಹಾಗೇ. ಸಿಂಥೆಟಿಕ್ ಹಾಕಿದರೆ ಕ್ಲಚ್ ಜಾರುತ್ತೆ ಅನ್ನುವುದು ಸುಳ್ಳು, ಎಂಎ2 ಸಿಂಥೆಟಿಕ್ ಧಾರಾಳವಾಗಿ ಸಿಗುತ್ತದೆ. ಆದರೆ ‘ಸಿಂಥೆಟಿಕ್ ಹಾಕಿದ್ದೀನಿ, ಹತ್ತು ಸಾವಿರ ಓಡಿಸ್ತೀನಿ’ ಅನ್ನಬೇಡಿ. ವಾರಂಟಿ ಮುಗಿಯುವವರೆಗೆ ಪುಸ್ತಕದ ಕಿಲೋಮೀಟರೇ ಲೆಕ್ಕ. ತಿಂಗಳಿನ ಗಡುವು ಮೊದಲು ಬಂದರೆ ಅದೇ ಲೆಕ್ಕ. ನಿಮ್ಮ ಓಡಾಟಕ್ಕೆ ಮಿನರಲ್ ಆಯಿಲೇ (ಕಚ್ಚಾ ತೈಲವನ್ನು ಶುದ್ಧ ಮಾಡಿ ತೆಗೆದ ಮಾಮೂಲಿ ಆಯಿಲ್) ಸಾಕು ಅಂತ ನನ್ನ ಅಭಿಪ್ರಾಯ, ಪುಸ್ತಕದಲ್ಲಿ ಸಿಂಥೆಟಿಕ್ಕೇ ಬೇಕು ಅಂತ ಇಲ್ಲದಿದ್ದರೆ.

ಇನ್ನು ವಾರಂಟಿ. ಬೇರೆ ಬ್ರಾಂಡಿನ ಆಯಿಲ್ ಹಾಕಿದ ಮಾತ್ರಕ್ಕೆ ಹಾರನ್ನು, ಮೀಟರು, ಮುಂದಿನ ಫೋರ್ಕಿನ ವಾರಂಟಿ ಹೋಗುವುದರಲ್ಲಿ ಅರ್ಥವಿಲ್ಲ. ಜಗಳ ಬರುವುದು ಇಂಜಿನ್ ಒಳಗಿನ ಸಾಮಾನು ಕೆಟ್ಟಾಗ. ಆಗ ಅವರ ಮೊದಲ ಪ್ರಶ್ನೆ, ‘ಯಾವ ಆಯಿಲ್ ಹಾಕ್ಸಿದ್ರಿ, ಬಿಲ್ ಇದೆಯಾ?’ ನನ್ನನ್ನೂ ಅದೇ ಕೇಳಿದರು. ನನ್ನ ಹತ್ತಿರ ಬಿಲ್ಲಿರಲಿಲ್ಲ, ಬಾಯೂ ಇರಲಿಲ್ಲ. ಕ್ಲಚ್ ಪ್ಲೇಟ್ ಸವೆಯುವ ಸಾಮಾನು, ಅದಕ್ಕೆ ವಾರಂಟಿ ಹೇಗೂ ಇರಲಿಲ್ಲ. ಆದರೆ ಆರು ತಿಂಗಳಾದ ಮೇಲೆ ಗೇರ್ ಬಾಕ್ಸಿನಲ್ಲಿ ಸದ್ದು ಬಂದಾಗಲೂ ಹಳೇ ಜಾಬ್ ಕಾರ್ಡ್ (ಗಾಡಿಗೆ ಏನೇನು ಮಾಡಿದರು ಅಂತ ಸರ್ವೀಸಿನವರು ಬರೆದಿಡುವ ಚೀಟಿ) ತೆಗೆದು ತೋರಿಸಿದರು. ಅದಕ್ಕೂ ನನ್ನ ಜೇಬಿನಿಂದಲೇ ಹೋಯಿತು.

ಹಾಗಾಗಿ ವಾರಂಟಿ ಇರುವಷ್ಟು ದಿನ ನಾನಂತೂ ಕಂಪನಿಯ ಸರ್ವೀಸ್ ಸೆಂಟರಿಗೇ ಹೋಗಿ ಅವರ ಆಯಿಲೇ ಹಾಕಿಸುತ್ತೇನೆ. ಅವರದ್ದೇ ಶ್ರೇಷ್ಠ ಅಂತಲ್ಲ. ನೂರಿನ್ನೂರು ರೂಪಾಯಿ ಜಾಸ್ತಿ ಆದರೂ ನಾಳೆ ಅವರು ನನ್ನ ಕಡೆ ಬೆರಳು ತೋರಿಸುವ ಹಾಗಿಲ್ಲ. ಫ್ರೀ ಸರ್ವೀಸ್ ಅಂದರೂ ಆಯಿಲಿಗೆ ದುಡ್ಡು ತಗೊಳ್ಳುತ್ತಾರೆ, ಅದು ಮಾಮೂಲು. ನೀವೇ ಬಾಟಲಿ ಒಯ್ಯುವುದಾದರೆ ಅದರ ಗ್ರೇಡನ್ನು ಜಾಬ್ ಕಾರ್ಡಿನಲ್ಲಿ ಬರೆಸಿ, ಅಂಗಡಿ ಬಿಲ್ಲು ಇಟ್ಟುಕೊಳ್ಳಿ. ಸುಮ್ನೆ ವಾರಂಟಿ ಇಲ್ಲ ಅಂತ ಸತಾಯಿಸಿದರೆ 1915ಕ್ಕೆ ಫೋನ್ ಮಾಡಬಹುದು, ಅದು ಗ್ರಾಹಕರ ಸಹಾಯವಾಣಿ.

ಡ್ರಮ್ಮಿನಿಂದ ಅಳೆದು ಕೊಡುವ ಆಯಿಲು ಮಾತ್ರ ಬೇಡ. ಬಾಟಲಿಯ ಸೀಲು ನಿಮ್ಮ ಎದುರಿಗೇ ಒಡೆಯಲಿ. ಖಾಲಿ ಬಾಟಲಿ ಮನೆಗೆ ತಂದು ಕತ್ತರಿಸಿ ಎಸೆಯಿರಿ, ಇಲ್ಲದಿದ್ದರೆ ಅದಕ್ಕೇ ಮತ್ತೆ ಏನನ್ನೋ ತುಂಬುವವರು ಇದ್ದಾರೆ. ಹಳೇ ಆಯಿಲ್ ಬಸಿಯಲು ಬಿಚ್ಚುವ ಡ್ರೇನ್ ಬೋಲ್ಟಿನ ವಾಷರ್ ಹೊಸದು ಹಾಕಿಸಿ, ಕೆಲವೇ ರೂಪಾಯಿ.

ಸರ್ವೀಸ್ ಆದ ದಿನವೇ ಆಯಿಲ್ ಮಟ್ಟ ನೋಡಿ. ಸಮತಟ್ಟು ಜಾಗದಲ್ಲಿ ಗಾಡಿ ನೆಟ್ಟಗೆ ನಿಲ್ಲಿಸಿ, ನಿಂತಲ್ಲೇ ಇಂಜಿನ್ ಎರಡು ನಿಮಿಷ ಓಡಿಸಿ, ಆಫ್ ಮಾಡಿ, ಇನ್ನೆರಡು ನಿಮಿಷ ಬಿಟ್ಟು ನೋಡಿ. ಆಯಿಲು ಅಳತೆ ಕಡ್ಡಿಯ ಅಥವಾ ಗಾಜಿನ ಕಿಂಡಿಯ ಎರಡು ಗೆರೆಗಳ ನಡುವೆ ಇರಬೇಕು. ಕಡಿಮೆ ಇದ್ದರೆ ಅವತ್ತೇ ಫೋನ್ ಮಾಡಿ. ವಾರ ಬಿಟ್ಟು ಹೋದರೆ ‘ನಿಮ್ ಇಂಜಿನ್ನೇ ಆಯಿಲ್ ಕುಡಿತಾ ಇದೆ ಸಾರ್’ ಅಂತಾರೆ.